ಥೈರಾಯ್ಡ್ ಗುಳಿಗೆಯೂ ಕಾಮಾಲೆಯೂ



ಕೆಲವು ತಿಂಗಳ ಹಿಂದೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರೈತರೊಬ್ಬರು ತಮ್ಮ ಪತ್ನಿಯನ್ನು ಕರೆತಂದರು. ಆಕೆಯ ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಹತ್ತು ದಿನಗಳಿಂದ ಕಾಮಾಲೆಗೆಂದು ನಾಟಿ ಔಷಧ ನಡೆದಿತ್ತು. ಮುಂಗೈಗೆ ಬರೆಯನ್ನೂ ಹಾಕಿಸಿದ್ದರು. ಬೇರೆ ಯಾವ ಔಷಧವನ್ನು ಸೇವಿಸುತ್ತಿದ್ದೀರೆಂದು ಕೇಳಿದಾಗ ಆಕೆ ಚೀಲದಿಂದ ಥೈರಾಯ್ಡ್ ಗುಳಿಗೆಗಳನ್ನು ತೆಗೆದು, "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟರೇ" ಎಂದರು. ಆ ಗುಳಿಗೆಯ ಮೇಲೆಯೇ ನನಗೆ ಸಂದೇಹ ಬಂದಿತು. ಅದನ್ನು ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಕೆಲವು ವಾರಗಳಲ್ಲಿ ಆಕೆ ಚೇತರಿಸಿಕೊಂಡರು. ಗುಳಿಗೆ ಕೊಟ್ಟಾಗ ಎಚ್ಚರಿಕೆಯ ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಅದು ನಮ್ಮ ವೈದ್ಯವೃತ್ತಿಯವರ ಲೋಪವೇ ಸರಿ.

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡಿದಾಗ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಚೆನ್ನಾಗಿ ಉಂಡರೂ ಮೈ ಇಳಿಯುತ್ತದೆ. ಇದಕ್ಕೆ ಕಾರ್ಬಿಮಜೋಲ್ ಅಥವಾ ಪ್ರೊಪೈಲ್‌ಥಯೋಯುರಾಸಿಲ್ ಎಂಬ ಗುಳಿಗೆಯನ್ನು ಕೊಡುವುದುಂಟು. ಇವು ಬಹುಮಂದಿಗೆ ಗುಣವನ್ನೇ ನೀಡುತ್ತವೆ. ಅಪರೂಪವಾಗಿ ಮಾತ್ರ ಯಕೃತ್ತಿಗೆ ಹಾನಿಯಾಗುತ್ತದೆ. ಕಾರ್ಬಿಮಜೋಲಿನಿಂದ ಸಾಮಾನ್ಯವಾಗಿ ಪಿತ್ತರಸದ ಹರಿವು ತಡೆಯಲ್ಪಟ್ಟು ಮೈ ಹಳದಿಯಾಗಿ ತುರಿಸುತ್ತದೆ. ಎರಡನೆಯದು ಯಕೃತ್ತಿನ ಜೀವಕೋಶಗಳನ್ನೇ ನಾಶಪಡಿಸಬಲ್ಲುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರಲ್ಲಿ ಈ ಗುಳಿಗೆಗೆ ಸಂಬಂಧಿಸಿದ 32 ತೀವ್ರ ಪ್ರಕರಣಗಳನ್ನು ಪ್ರಕಟಿಸಿತು; ಅವರಲ್ಲಿ 13 ಮಂದಿ ಮೃತಪಟ್ಟಿದ್ದರು, 11 ಮಂದಿಗೆ ಬದಲಿ ಯಕೃತ್ತನ್ನು ಜೋಡಿಸಬೇಕಾಗಿತ್ತು. 2010ರಲ್ಲಿ ಔಷಧದ ವಿವರಪತ್ರದಲ್ಲಿಯೇ ತೀವ್ರ ಎಚ್ಚರಿಕೆಯನ್ನು ಮುದ್ರಿಸುವಂತಾಯಿತು.

ಹಾಗಿದ್ದರೆ ಅದನ್ನೇಕೆ ಕೊಡಬೇಕೆಂದು ತಾವು ಕೇಳಬಹುದು. ಕಾರ್ಬಿಮಜೋಲ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಅಂಗರಚನೆಗೆ ಹೆಚ್ಚಿನ ದೋಷವನ್ನುಂಟುಮಾಡಬಲ್ಲುದು. ಆದ್ದರಿಂದ ಆ ಅವಧಿಯಲ್ಲಿ ಔಷಧ ಬೇಕೇಬೇಕಾದರೆ ವೈದ್ಯರು ಎರಡನೆಯದನ್ನು ಆರಿಸುತ್ತಾರೆ. ತೊಡಕು ಇರುವುದು ಇಲ್ಲಿಯೇ. ಯಕೃತ್ತು ಕೆಟ್ಟಾಗ ವಾಕರಿಕೆ ಬರುತ್ತದೆ, ಅನ್ನ ಸೇರುವುದಿಲ್ಲ, ಆಯಾಸವಾಗುತ್ತದೆ. ಬಸುರಿಯ ವಾಂತಿಯೂ ಹಾಗೆಯೇ ಇರುವುದರಿಂದ ಮನೆಯ ಹಿರಿಯರು, "ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುತ್ತಾರೆ. ಮೂತ್ರ ಕಪ್ಪು ಚಹದಂತಾದರೆ, ಬಲಪಕ್ಕೆಯ ಕೆಳಗೆ ನೋವಿದ್ದರೆ, ಮೈ ತುರಿಸಿದರೆ ಸುಮ್ಮನಿರಬಾರದು. ಕಣ್ಣಿನ ಬಿಳಿಭಾಗವನ್ನು ಪತಿಯು ಹಗಲು ಬೆಳಕಿನಲ್ಲಿ ನೋಡಲಿ. ದೀಪದ ಬೆಳಕಿನಲ್ಲಿ ಹಳದಿ ತಿಳಿಯದು. ಇವುಗಳಲ್ಲಿ ಒಂದು ಕಂಡರೂ ಅಂದಿನ ಗುಳಿಗೆಯನ್ನು ನುಂಗದೆ ಅದೇ ದಿನ ಆಸ್ಪತ್ರೆಗೆ ಬಂದು ರಕ್ತಪರೀಕ್ಷೆ ಮಾಡಿಸಬೇಕು. ಜ್ವರದೊಡನೆ ಗಂಟಲು ನೋವು ಬಂದರೂ ಹೀಗೆಯೇ ಮಾಡಿರಿ.

ಈ ಚಿಹ್ನೆಗಳಿಲ್ಲದೆ, ಕೇವಲ ಭಯದಿಂದ ಗುಳಿಗೆಯನ್ನು ಬಿಡುವುದು ತಪ್ಪು. ಹತೋಟಿ ತಪ್ಪಿದ ಥೈರಾಯ್ಡ್ ತಾಯಿಗೂ ಶಿಶುವಿಗೂ ಅಪಾಯಕಾರಿ. ಗ್ರಂಥಿಯ ಕೆಲಸ ಕಡಿಮೆಯಾದವರಿಗೆ ಕೊಡುವ ಥೈರಾಕ್ಸಿನ್ ಬೇರೆಯೇ ಔಷಧ. ಅದನ್ನು ಸೇವಿಸುವವರು ಈ ಮಾತುಗಳಿಂದ ಗಾಬರಿಗೊಳ್ಳಬೇಕಾಗಿಲ್ಲ.

ಕಾಯಿಲೆ ಹತೋಟಿಗೆ ಬರುವವರೆಗೆ ದಂಪತಿಗಳು ಸಂತಾನವನ್ನು ಮುಂದೂಡುವುದು ಒಳಿತು. ಅದಕ್ಕೆ ತಕ್ಕ ವಿಧಾನವನ್ನು ನಮ್ಮ ಕೇಂದ್ರದಲ್ಲಿ ಸಂಕೋಚವಿಲ್ಲದೆ ಕೇಳಿರಿ. ಮುಟ್ಟು ನಿಂತ ವಾರದಲ್ಲಿಯೇ ತಿಳಿಸಿದರೆ ಔಷಧವನ್ನು ಬದಲಿಸಲು ಅವಕಾಶವಿರುತ್ತದೆ. ಬರುವಾಗ ತಾಯಿ ಕಾರ್ಡಿನೊಡನೆ, ತಾವು ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಹೊದಿಕೆ ಸಹಿತ ತನ್ನಿರಿ. ಹೆಸರು ನೆನಪಿಲ್ಲದಿದ್ದರೂ ಚಿಂತೆಯಿಲ್ಲ, ನಾವು ಓದಿಕೊಳ್ಳುತ್ತೇವೆ.