ಉಸಿರು ಎಣಿಸಿ ನೋಡಿ: ಸೆಪ್ಸಿಸ್ ಮತ್ತು ಮೊದಲ ಒಂದು ಗಂಟೆ

ನಾನು ಫಿಸಿಷಿಯನ್, ಕೆಲಸ ಐಸಿಯುನಲ್ಲಿ. ರೋಗಿಯ ಕಡೆಯವರು ನಮ್ಮ ಬಾಯಿಂದ ಪದೇ ಪದೇ ಕೇಳೋ ಒಂದು ಮಾತಿದೆ: 'ಇನ್‌ಫೆಕ್ಷನ್ ಬ್ಲಡ್‌ಗೆ ಹೋಗಿದೆ.' ಕೇಳಿದ ಕೂಡಲೇ ಮುಖ ಬಾಡುತ್ತೆ. ಆದರೆ ಹಾಗಂದ್ರೇನು, ಒಳಗೆ ಏನು ನಡೀತಿದೆ ಅನ್ನೋದನ್ನ ಬಿಡಿಸಿ ಹೇಳೋಕೆ ಆ ಹೊತ್ತಲ್ಲಿ ಯಾರಿಗೂ ಸಮಯ ಇರಲ್ಲ. ಇವತ್ತು ಅದನ್ನೇ ಮಾತಾಡೋಣ. ಅದರ ಹೆಸರು ಸೆಪ್ಸಿಸ್.

ಸೆಪ್ಸಿಸ್ ಅಂದ್ರೆ ರಕ್ತದಲ್ಲಿ ರೋಗಾಣು ಸಿಗಲೇಬೇಕು ಅಂತಿಲ್ಲ. ಸೋಂಕಿನ ವಿರುದ್ಧ ಹೋರಾಡೋಕೆ ಹೊರಟ ದೇಹ ಹಿಡಿತ ತಪ್ಪಿ ತನ್ನದೇ ಅಂಗಗಳಿಗೆ ಪೆಟ್ಟು ಕೊಡೋದು ಸೆಪ್ಸಿಸ್. 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ತಿರುಳು ಇದು. ಶುರುವಾಗೋದು ಎಲ್ಲಿಂದಲಾದರೂ ಆಗಬಹುದು: ನ್ಯುಮೋನಿಯಾ, ಮೂತ್ರದ ಸೋಂಕು, ಒಡೆದ ಅಪೆಂಡಿಕ್ಸ್, ಶುಗರ್ ಇರೋರ ಕಾಲಿನ ಹುಣ್ಣು, ಹೆರಿಗೆಯ ನಂತರದ ಸೋಂಕು. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯ್ತು, ಸುಮಾರು 1.1 ಕೋಟಿ ಜನ ತೀರಿಕೊಂಡರು ಅಂತ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು ಹೇಳುತ್ತೆ. ಅಂದ್ರೆ ಐದು ಸಾವಿನಲ್ಲಿ ಒಂದು.

ಇದನ್ನ ಗುರುತಿಸೋದು ಹೇಗೆ? ಇದಕ್ಕೆ ಅಂತಲೇ ಒಂದು ಟೆಸ್ಟ್ ಇಲ್ಲ. ಹಾಸಿಗೆ ಪಕ್ಕ ನಿಂತು ನಾವು ನೋಡೋದು ತೀರಾ ಸರಳ ವಿಷಯಗಳನ್ನ. ಮೊದಲನೇದು ಉಸಿರಾಟ. ದೊಡ್ಡವರು ಆರಾಮಾಗಿ ಮಲಗಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾರೆ. 22 ದಾಟಿದ್ರೆ ನಮ್ಮ ಕಿವಿ ನೆಟ್ಟಗಾಗುತ್ತೆ. ಅಂಗಗಳಿಗೆ ರಕ್ತ ಸರಿಯಾಗಿ ಹೋಗದೇ ಇದ್ದಾಗ ರಕ್ತದಲ್ಲಿ ಆಮ್ಲ ಹೆಚ್ಚುತ್ತೆ, ಅದನ್ನ ಹೊರಹಾಕೋಕೆ ಶ್ವಾಸಕೋಶ ಓಡ್ತಾ ಇರುತ್ತೆ. ಆಗ ಬೆರಳಿಗೆ ಹಾಕೋ ಆಕ್ಸಿಮೀಟರ್ 98 ತೋರಿಸ್ತಾ ಇರಬಹುದು! ಅದಕ್ಕೇ ಬರೀ ಆ ನಂಬರ್ ನಂಬ್ಕೊಂಡು ಕೂರಬಾರದು.

ಎರಡನೇದು ಪ್ರಜ್ಞೆ. ನಿನ್ನೆ ಚೆನ್ನಾಗಿ ಮಾತಾಡ್ತಿದ್ದ ಅಜ್ಜಿ ಇವತ್ತು ಮಂಕಾಗಿದ್ದಾರೆ, ಮೊಮ್ಮಗನ ಹೆಸರು ತಪ್ಪು ಹೇಳ್ತಿದ್ದಾರೆ. 'ವಯಸ್ಸಾಯ್ತಲ್ಲ' ಅಂತ ಸುಮ್ಮನಾಗಬೇಡಿ. ಮೂರನೇದು ಮೇಲಿನ ಬಿಪಿ 100 ಅಥವಾ ಅದಕ್ಕಿಂತ ಕೆಳಗೆ ಬರೋದು. ನಾಲ್ಕನೇದು ಮೂತ್ರ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ. ಕೂಡ ಬರ್ತಿಲ್ಲ ಅಂದ್ರೆ ಕಿಡ್ನಿ ಕಷ್ಟದಲ್ಲಿದೆ. ಐದನೇದು ಬೆರಳ ತುದಿ. ಹತ್ತು ಸೆಕೆಂಡ್ ಒತ್ತಿ ಬಿಡ್ತೀವಿ. ಬಿಳಿಚಿದ ಜಾಗಕ್ಕೆ ಬಣ್ಣ ವಾಪಸ್ ಬರೋಕೆ ಮೂರು ಸೆಕೆಂಡ್‌ಗಿಂತ ಹೆಚ್ಚು ಹಿಡಿದ್ರೆ ರಕ್ತಸಂಚಾರ ಕುಂಠಿತವಾಗಿದೆ ಅಂತ ಅರ್ಥ. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಸೆಪ್ಸಿಸ್ ಅಂತ ತೀರ್ಮಾನ ಆಗಲ್ಲ. ಆದರೆ ತಕ್ಷಣ ಡಾಕ್ಟರ್ ಬಂದು ನೋಡಬೇಕು ಅನ್ನೋದು ತೀರ್ಮಾನ ಆಗುತ್ತೆ. ಇನ್ನೊಂದು ವಿಷಯ: ಜ್ವರ ಇರಲೇಬೇಕು ಅಂತಿಲ್ಲ. ವಯಸ್ಸಾದವರಲ್ಲಿ ಮೈ ತಣ್ಣಗಾಗಿಯೂ ಇರಬಹುದು.

ಸರಿ, ಅನುಮಾನ ಬಂತು. ಮುಂದೆ? ಒಟ್ಟೊಟ್ಟಿಗೆ ನಾಲ್ಕೈದು ಕೆಲಸ ಶುರುವಾಗುತ್ತೆ. ಕಲ್ಚರ್‌ಗೆ ರಕ್ತ ತೆಗೀತೀವಿ. ಆಂಟಿಬಯಾಟಿಕ್ ಕೊಡೋದಕ್ಕಿಂತ ಮುಂಚೆಯೇ ತೆಗೀಬೇಕು, ಆಮೇಲೆ ತೆಗೆದ್ರೆ ರೋಗಾಣು ಬೆಳೆಯದೇ ಹೋಗಬಹುದು. ಲ್ಯಾಕ್ಟೇಟ್ ಅನ್ನೋ ಟೆಸ್ಟ್ ಮಾಡ್ತೀವಿ. ಅದು ಏರಿದ್ರೆ ಅಂಗಗಳು ಒದ್ದಾಡ್ತಿವೆ ಅಂತ ಸೂಚನೆ. ಶಾಕ್ ಇದ್ರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು. ಬಿಪಿ ಬಿದ್ದಿದ್ರೆ ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ. ಲೆಕ್ಕದಲ್ಲಿ ಡ್ರಿಪ್, 60 ಕೆ.ಜಿ.ಯವರಿಗೆ ಸುಮಾರು 1.8 ಲೀಟರ್. ಅದಕ್ಕೂ ಬಿಪಿ ಏಳದಿದ್ರೆ ನಾರ್‌ಅಡ್ರಿನಲಿನ್. ಕೀವು ಎಲ್ಲಾದರೂ ತುಂಬಿದ್ರೆ, ಮೂತ್ರನಾಳ ಕಲ್ಲಿನಿಂದ ಕಟ್ಟಿಕೊಂಡಿದ್ರೆ, ಅದನ್ನ ತೆಗೀಲೇಬೇಕು. ಬರೀ ಇಂಜೆಕ್ಷನ್‌ನಿಂದ ಆಗಲ್ಲ.

'ರಿಪೋರ್ಟ್ ಬರೋ ಮುಂಚೆ ಯಾಕೆ ಔಷಧ ಕೊಡ್ತೀರಾ?' ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಕಲ್ಚರ್ ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು. ಅಷ್ಟು ಕಾಯೋಕೆ ರೋಗಿಗೆ ಸಮಯ ಇರಲ್ಲ. ರಿಪೋರ್ಟ್ ಬಂದ ಮೇಲೆ ಔಷಧವನ್ನ ಬದಲಿಸ್ತೀವಿ, ಕಮ್ಮಿ ಮಾಡ್ತೀವಿ, ಬೇಡ ಅನ್ನಿಸಿದ್ರೆ ನಿಲ್ಲಿಸ್ತೀವಿ.

ನಮ್ಮ ಕಡೆ ಇದಕ್ಕೆ ಇನ್ನೊಂದು ತಿರುವಿದೆ. ಮಳೆಗಾಲ ಮತ್ತು ಅದರ ನಂತರ ಡೆಂಗಿ, ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್ ಎಲ್ಲವೂ ಇದೇ ವೇಷದಲ್ಲಿ ಬರ್ತವೆ. ಸ್ಕ್ರಬ್ ಟೈಫಸ್ ನೋಡಿ. ಪೊದೆ, ಹುಲ್ಲಿನಲ್ಲಿರೋ ಒಂದು ಸಣ್ಣ ನುಸಿಯ ಮರಿ ಕಚ್ಚಿ ಬರೋ ಜ್ವರ ಇದು. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರಬಹುದು. ಸಾಮಾನ್ಯವಾಗಿ ನೋವಿರಲ್ಲ, ಇರೋದು ಕಂಕುಳಲ್ಲೋ ತೊಡೆಸಂದಿನಲ್ಲೋ ಸೊಂಟದ ಪಟ್ಟಿಯ ಕೆಳಗೋ. ಬಟ್ಟೆ ಸರಿಸಿ ನೋಡದಿದ್ರೆ ಸಿಗೋದೇ ಇಲ್ಲ. ಸಂಕೋಚ ಬೇಡ ಅಂತ ನಾವು ಹೇಳೋದು ಇದಕ್ಕೇ. ಐಸಿಯುನ ದುಬಾರಿ ಸೆಫ್ಟ್ರಿಯಾಕ್ಸೋನ್, ಮೆರೋಪೆನಮ್ ಈ ರೋಗಾಣುವಿನ ಮೇಲೆ ಕೆಲಸ ಮಾಡಲ್ಲ. ಕೆಲಸ ಮಾಡೋದು ಹಳೆಯ ಡಾಕ್ಸಿಸೈಕ್ಲಿನ್. ತೀವ್ರವಾದ ಕಾಯಿಲೆಯಲ್ಲಿ ಅದರ ಜೊತೆ ಅಜಿಥ್ರೋಮೈಸಿನ್ ಕೂಡ ನರಕ್ಕೆ ಕೊಟ್ರೆ ಒಂದೇ ಔಷಧಕ್ಕಿಂತ ಒಳ್ಳೇದು ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಆ ಅಧ್ಯಯನ ನಡೆದದ್ದು ಭಾರತದ ಆಸ್ಪತ್ರೆಗಳಲ್ಲೇ.

ಡ್ರಿಪ್ ವಿಷಯದಲ್ಲೂ ಹಾಗೇ. ಜಾಸ್ತಿ ಕೊಟ್ಟಷ್ಟೂ ಒಳ್ಳೇದು ಅಂತಲ್ಲ. 2011ರಲ್ಲಿ ಪ್ರಕಟವಾದ, ಉಗಾಂಡ, ಕೀನ್ಯಾ, ಟಾಂಜಾನಿಯಾದ ಮಕ್ಕಳ ಮೇಲಿನ ಅಧ್ಯಯನದಲ್ಲಿ ಬೇಗ ಬೇಗ ಡ್ರಿಪ್ ಹರಿಸಿದ ಗುಂಪಿನಲ್ಲೇ ಹೆಚ್ಚು ಮಕ್ಕಳು ತೀರಿಕೊಂಡ್ರು. ಡೆಂಗಿಯಲ್ಲೂ ನೀರು ರಕ್ತನಾಳದಿಂದ ಸೋರುತ್ತೆ, ಹೆಚ್ಚಾದ್ರೆ ಎದೆಯಲ್ಲಿ ತುಂಬ್ಕೊಳ್ಳುತ್ತೆ. 'ಇನ್ನೊಂದು ಬಾಟಲಿ ಹಾಕಿ' ಅಂದಾಗ ನಾವು ತಡೆಯೋದಕ್ಕೆ ಕಾರಣ ಇದು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಹಾಸಿಗೆ ಪಕ್ಕ ಕೂರೋದು ಬಹಳ ಸಲ ಮನೆಯ ಚಿಕ್ಕವರು, ಅಂದ್ರೆ ನೀವು. ಕೈಯಲ್ಲಿ ಫೋನ್ ಇದೆ. ಅದರಲ್ಲಿ ಸ್ಟಾಪ್‌ವಾಚ್ ಹಾಕಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಕೊನೇ ಸಲ ಮೂತ್ರ ಆಗಿದ್ದು ಯಾವಾಗ ಅಂತ ಬರೆದಿಡಿ. ಮನೆಯಲ್ಲಿ ತಗೊಂಡ ಎಲ್ಲಾ ಮಾತ್ರೆಗಳ ಫೋಟೊ ಇಟ್ಕೊಳ್ಳಿ. ಮೆಡಿಕಲ್ ಶಾಪ್‌ನಿಂದ ತಂದ ಎರಡು ದಿನದ ಆಂಟಿಬಯಾಟಿಕ್ ಕೂಡ ಮುಚ್ಚಿಡದೇ ಹೇಳಿ. ಬೈಯ್ತಾರೆ ಅನ್ನೋ ಭಯಕ್ಕೆ ಮುಚ್ಚಿಟ್ರೆ ನಮ್ಮ ದಾರಿ ತಪ್ಪುತ್ತೆ. ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗೋದಾದ್ರೆ ಎರಡು ಪ್ರಶ್ನೆ ಕೇಳಿ: ಮೊದಲ ಡೋಸ್ ಆಂಟಿಬಯಾಟಿಕ್ ಕೊಟ್ಟಿದ್ದೀರಾ? ಅಲ್ಲಿ ಬೆಡ್ ಇದೆ ಅಂತ ಮಾತಾಡಿದ್ದೀರಾ? ಸ್ವಂತ ಕಾರಿಗಿಂತ 108 ವಾಸಿ.

ಇಂಗ್ಲೆಂಡಿನಲ್ಲಿ 13 ವರ್ಷದ ಮಾರ್ಥಾ ಅನ್ನೋ ಹುಡುಗಿ 2021ರಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ಸೆಪ್ಸಿಸ್‌ನಿಂದ ತೀರಿಕೊಂಡಳು. ತಂದೆ-ತಾಯಿ ಆತಂಕ ಹೇಳಿಕೊಂಡರೂ ಅದಕ್ಕೆ ಬೆಲೆ ಸಿಕ್ಕಿರಲಿಲ್ಲ. ಅವರ ಹೋರಾಟದಿಂದ 2024ರಲ್ಲಿ ಅಲ್ಲಿ 'ಮಾರ್ಥಾ ನಿಯಮ' ಜಾರಿಗೆ ಬರೋಕೆ ಶುರುವಾಯ್ತು. ರೋಗಿಯ ಸ್ಥಿತಿ ಹದಗೆಡ್ತಿದೆ ಅನ್ನಿಸಿದ್ರೆ ಮನೆಯವರೇ ಬೇರೆ ತಂಡವನ್ನ ಕರೆಸಿ ನೋಡಿಸಬಹುದು. ನಿಮ್ಮ ವಾರ್ಡಿನಲ್ಲಿ ಅಂಥ ನಿಯಮ ಬರೆದು ತಗಲಿಹಾಕಿಲ್ಲದೇ ಇರಬಹುದು. ಆದರೂ ಸಿಸ್ಟರ್ ಹತ್ರ ಹೋಗಿ ಕೇಳಿ: 'ಅಮ್ಮ ಯಾವತ್ತಿನ ಥರ ಇಲ್ಲ. ನಿಮಿಷಕ್ಕೆ 28 ಸಲ ಉಸಿರಾಡ್ತಿದ್ದಾರೆ. ಇದು ಸೆಪ್ಸಿಸ್ ಇರಬಹುದಾ?' ನಂಬರ್ ಇಟ್ಕೊಂಡು ಹೇಳಿದ ಮಾತನ್ನ ತಳ್ಳಿಹಾಕೋದು ಕಷ್ಟ.

ಈ ಸಂಚಿಕೆಯನ್ನ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿ.