ಮಹಜರಿನ ಭಾಷೆ

ಕಳ್ಳನನ್ನು ಹಿಡಿಯುವ ಸಾಹಸ ಒಂದು ರಾತ್ರಿಯದು; ಅದನ್ನು ಕುರಿತು ಠಾಣೆಯಲ್ಲಿ ಬರೆದ ಕಾಗದ ಮಾತ್ರ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಬದುಕಬೇಕು. ಸರಕಾರದ ಪರ ವಕೀಲನಾಗಿ ಅಂಥ ಕಾಗದಗಳನ್ನು ಓದುತ್ತ ಬಂದವನು ನಾನು. ತನಿಖೆ ನಡೆಸುವ ಮಿತ್ರರೊಡನೆ ಇಂದು ಒಂದೇ ಕಾಗದದ ವಿಚಾರ ಮಾತನಾಡಬೇಕೆಂದಿದ್ದೇನೆ: ಆರೋಪಿ ತೋರಿಸಿದ್ದರಿಂದ ವಸ್ತು ಸಿಕ್ಕಿತೆಂದು ಹೇಳುವ ಮಹಜರು. ಉಳಿದವರು ಕೇಳಿದರೂ ನಷ್ಟವಿಲ್ಲ. ಪಂಚರಾಗಿ ಅದಕ್ಕೆ ಸಹಿ ಹಾಕುವವರು ತಾವೇ ತಾನೆ?

ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡರೆ ಅದು ಅವನ ವಿರುದ್ಧ ಸಾಕ್ಷ್ಯವಾಗದು. 1872ರ ಸಾಕ್ಷ್ಯ ಅಧಿನಿಯಮ 25 ಮತ್ತು 26ನೆಯ ಕಲಮುಗಳಲ್ಲಿ ಈ ಬಾಗಿಲನ್ನು ಮುಚ್ಚಿ, 27ರಲ್ಲಿ ಒಂದು ಕಿಂಡಿಯನ್ನು ಬಿಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಬಾಗಿಲೂ ಕಿಂಡಿಯೂ 23ನೆಯ ಕಲಮಿನಲ್ಲೇ ಇವೆ. ಆರೋಪಿ ಕೊಟ್ಟ ಮಾಹಿತಿಯಿಂದ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಒಳಗೆ ಬರಬಹುದು.

ಎಷ್ಟು ಮಾತು? ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. 1947ರ ವರದಿಗಳಲ್ಲಿ ಅಚ್ಚಾದ ಆ ತೀರ್ಪು ಇಂದಿಗೂ ದಾರಿದೀಪ. ಒಬ್ಬನು "ಕುಡುಗೋಲಿನಿಂದ ಕಡಿದೆ, ಅದನ್ನು ಹಿತ್ತಿಲ ಬಣವೆಯಲ್ಲಿ ಸಿಕ್ಕಿಸಿದ್ದೇನೆ" ಎಂದನೆನ್ನಿ. ಬಣವೆಯ ಮಾತು ನಿಲ್ಲುತ್ತದೆ. ಕಡಿದ ಮಾತು ಬಿದ್ದುಹೋಗುತ್ತದೆ. ಪತ್ತೆಯಾದದ್ದು ಬರಿಯ ಕುಡುಗೋಲಲ್ಲ, ಅದು ಅಲ್ಲಿರುವುದು ಅವನಿಗೆ ಗೊತ್ತಿತ್ತೆಂಬ ಸಂಗತಿ.

ಆದುದರಿಂದಲೇ ಅವನಾಡಿದ ಮಾತಿಗೆ ಇಷ್ಟು ಬೆಲೆ. ನಮ್ಮ ಕಡತಗಳಲ್ಲಿಯಾದರೋ ಆ ಮಾತೇ ಕಾಣಿಸುವುದಿಲ್ಲ. ಬೀದರಿನವನಿರಲಿ, ಕುಂದಾಪುರದವನಿರಲಿ, ಎಲ್ಲರೂ "ನನ್ನ ಜೊತೆಯಲ್ಲಿ ಬಂದರೆ ಸದರಿ ಸ್ಥಳವನ್ನು ತೋರಿಸಿಕೊಡುತ್ತೇನೆ" ಎಂಬ ಒಂದೇ ವಾಕ್ಯವನ್ನು ನುಡಿಯುತ್ತಾರೆ! ಜೀವಮಾನದಲ್ಲಿ ಯಾವ ಕೂಲಿಯವನು "ಸದರಿ" ಎಂದಾನು? ಆ ಭಾಷೆ ಬರಹಗಾರ ಕಾನ್‌ಸ್ಟೇಬಲನದು. ಪಾಟೀಸವಾಲಿನಲ್ಲಿ ಅದು ಎಳೆಎಳೆಯಾಗಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕುಳಿತಿರುವುದು ಸುಖದ ಕೆಲಸವಲ್ಲ, ಅದರಲ್ಲೂ ಸತ್ತವನ ತಾಯಿ ಹಿಂದಿನ ಬೆಂಚಿನಲ್ಲಿರುವಾಗ. ಒಂದು ವೇಳೆ ಆ ವಾಕ್ಯ ನಂಬಿಕೆ ಪಡೆದು, ಕಟಕಟೆಯಲ್ಲಿರುವವನು ನಿರಪರಾಧಿಯಾಗಿದ್ದರೆ? ಅದು ಇನ್ನೂ ಘೋರ.

ನಮ್ಮದೇ ರಾಜ್ಯದಿಂದ ಹೋದ ಸುಬ್ರಮಣ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಕೊಲೆಯ ಆರೋಪಿಯನ್ನು ಬಿಡುಗಡೆ ಮಾಡಿತು. ವಸ್ತುಗಳ ಪತ್ತೆ ಕಾನೂನಿಗೆ ಒಪ್ಪುವಂತೆ ರುಜುವಾತಾಗದಿದ್ದುದು ಅದರ ಕಾರಣಗಳಲ್ಲೊಂದು. ಕ್ರಮವನ್ನೂ ಅದು ತಿಳಿಸಿದೆ. ಇಬ್ಬರು ಸ್ವತಂತ್ರ ಪಂಚರನ್ನು ಮೊದಲು ಠಾಣೆಗೇ ಕರೆಸಬೇಕು. ಅವರೆದುರಿಗೆ ಆರೋಪಿ ಹೇಳಿದ್ದನ್ನು, ಆದಷ್ಟು ಅವನದೇ ನುಡಿಯಲ್ಲಿ, ಬರೆಯಬೇಕು. ಇದು ಮಹಜರಿನ ಮೊದಲ ಭಾಗ. ಆಮೇಲೆ ಅವನು ಕರೆದೊಯ್ದ ಕಡೆ ಹೋಗಿ, ಸಿಕ್ಕಿದ್ದನ್ನು ಬರೆದರೆ ಎರಡನೆಯದು. ನಮ್ಮಲ್ಲಿ ಪಂಚರು ನೇರವಾಗಿ ಹಿತ್ತಿಲಿಗೇ ಬರುವುದುಂಟು! ಮಾತನ್ನೇ ಕೇಳದವರು ಮಾತಿಗೆ ಸಾಕ್ಷಿಯಾಗುವುದು ಹೇಗೆ?

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಈಗ ಶೋಧನೆ ಮತ್ತು ಜಪ್ತಿಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕೆನ್ನುತ್ತದೆ, ಮೊಬೈಲು ಸಾಕು. ಚಿತ್ರವನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಕೆಲವರಿಗೆ ಇದು ಹೊರೆಯೆನಿಸಿದೆ. ನನಗೆ ಹಾಗೆನಿಸದು; ಪ್ರಾಮಾಣಿಕ ಅಧಿಕಾರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನಾರು? ಆದರೆ ಚಿತ್ರದಲ್ಲಿ ಆರೋಪಿ ಬೀದರಿನ ಮಾತನಾಡಿ, ಕಾಗದದಲ್ಲಿ "ಸದರಿ" ಎಂದರೆ ಎರಡೂ ಕೆಡುತ್ತವೆ.

ಇನ್ನೊಂದು ಸಣ್ಣ ವಿಷಯ. ತನಿಖೆಯಲ್ಲಿ ಸಾಕ್ಷಿಗಳು ಕೊಡುವ ಹೇಳಿಕೆಗೆ ಸಹಿ ಹಾಕಿಸಬಾರದು. ಅದೇ ಸಂಹಿತೆಯ 181ನೆಯ ಕಲಮು ಅದನ್ನು ನಿಷೇಧಿಸಿದೆ. ಮಹಜರಿಗೆ ಪಂಚರ ಸಹಿ ಬೇಕು. ಅದೂ ಬರೆದದ್ದನ್ನು ಅವರಿಗೆ ಓದಿ ಹೇಳಿದ ಮೇಲೆ.