ನಲವತ್ತು ಕಳೆಯುವ ಮುನ್ನ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಕ್ಕಳ ತಜ್ಞ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)

 



ಈ ವೇದಿಕೆಯಲ್ಲಿ ಪ್ರತಿ ವರ್ಷ ಅಂಕಗಳ ಬಗ್ಗೆ, ಸೀಟುಗಳ ಬಗ್ಗೆ ಮಾತಾಗುತ್ತದೆ. ಆಗಲೇಬೇಕು. ಇಂದು ನಾನು ಮಾತ್ರ ಇನ್ನೂ ತೊಟ್ಟಿಲಲ್ಲಿರುವ ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ತಿಂಗಳು ತುಂಬುವ ಮುನ್ನ ಹುಟ್ಟಿದವರು, ತೂಕ ಕಡಿಮೆಯಿರುವವರು, ಹುಟ್ಟಿದ ಕೂಡಲೇ ಅಳದವರು, ಮೊದಲ ವಾರದಲ್ಲೇ ಫಿಟ್ಸ್ ಬಂದವರು, ಕಾಮಾಲೆ ತೀರಾ ಏರಿದವರು - ಇಂಥ ಮಕ್ಕಳನ್ನು ನಾವು 'ಹೈ ರಿಸ್ಕ್' ಎಂದು ಕಾರ್ಡಿನಲ್ಲಿ ಬರೆಯುತ್ತೇವೆ. ಆ ಪದ ಓದಿ ಮನೆಯವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಇವರಲ್ಲಿ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ಯಾವ ಮಗು ಹಿಂದೆ ಬೀಳಬಹುದು ಎಂದು ಮೊದಲ ದಿನ ಯಾವ ವೈದ್ಯನೂ ಹೇಳಲಾರ. ಅದಕ್ಕಾಗಿ ಎಲ್ಲರನ್ನೂ ಮತ್ತೆ ಮತ್ತೆ ನೋಡಬೇಕು. ತೊಂದರೆಯಾಗುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದಿನ ಮಾತು. 33 ವಾರಕ್ಕೆ ಹುಟ್ಟಿದ, ಒಂದೂವರೆ ಕಿಲೋ ತೂಕದ ಹೆಣ್ಣು ಮಗು. ಎನ್‌ಐಸಿಯುನಲ್ಲಿ ಹದಿನಾರು ದಿನ ಇತ್ತು. ಬಿಲ್ಲಿನ ದೊಡ್ಡ ಪಾಲನ್ನು ಇಂಥದೇ ಒಂದು ಟ್ರಸ್ಟ್ ಕಟ್ಟಿತು. ಮೂವತ್ತನೆಯ ದಿನದೊಳಗೆ ಕಣ್ಣು ತೋರಿಸಬೇಕೆಂದು ಕಾರ್ಡಿನಲ್ಲಿ ಬರೆದು ಕಳಿಸಿದೆವು. ಮನೆಯಲ್ಲಿ ಹಿರಿಯರು, "ನಲವತ್ತು ಕಳೆಯಲಿ, ಆಮೇಲೆ ಹೋದರಾಯಿತು" ಎಂದರು. ಆಮೇಲೆ ಮಗುವಿಗೆ ಶೀತ. ಆಮೇಲೆ ರಮಝಾನ್. ಆಮೇಲೆ, ಮಗುವಿನ ತಂದೆ ಗಲ್ಫಿನಿಂದ ಬರಲಿ ಎಂದಾಯಿತು. ನಾಲ್ಕು ತಿಂಗಳಿಗೆ ಅಜ್ಜಿ ಎತ್ತಿಕೊಂಡು ಬಂದು, "ಡಾಕ್ಟರೇ, ಇದು ನನ್ನ ಮುಖ ನೋಡುವುದಿಲ್ಲ" ಎಂದರು. ಎರಡೂ ಕಣ್ಣಿನ ರೆಟಿನಾ ಕಳಚಿತ್ತು.

ಅವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಕಾರ್ಡಿನಲ್ಲಿ ನಾವು ಬರೆದದ್ದು ಇಂಗ್ಲಿಷಿನಲ್ಲಿ. ಆ ಅಜ್ಜಿಗೆ ಕನ್ನಡ ಓದಲು ಬರುತ್ತಿತ್ತು.

ಅವಧಿಪೂರ್ವ ಮಗುವಿನ ರೆಟಿನಾದ ರಕ್ತನಾಳಗಳು ಹುಟ್ಟುವಾಗ ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಕೆಲವು ಮಕ್ಕಳಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನು ಎಳೆಯುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಸಮಯಕ್ಕೆ ಕಂಡುಹಿಡಿದರೆ ಲೇಸರ್ ಮಾಡಿ ದೃಷ್ಟಿ ಉಳಿಸಬಹುದು. ಸಮಯವೆಂದರೆ ದಿನಗಳ ಲೆಕ್ಕ. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಮೊದಲ ಪರೀಕ್ಷೆ 30 ದಿನದೊಳಗೆ ಆಗಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ನಲವತ್ತರ ನಂತರ ಎಂದರೆ ತಡವಾಯಿತು.

ಬಾಣಂತನದ ನಲವತ್ತು ನಮ್ಮವರಲ್ಲಿ ಮಾತ್ರ ಇರುವುದಲ್ಲ, ನೆರೆಮನೆಯ ಹಿಂದೂ ಕುಟುಂಬಗಳಲ್ಲೂ ಇದೆ. ತಾಯಿಗೆ ವಿಶ್ರಾಂತಿ ಸಿಗುವ ಒಳ್ಳೆಯ ಪದ್ಧತಿ. ಆದರೆ ಆ ದಿನಗಳಲ್ಲಿ ಮಗುವನ್ನು ವೈದ್ಯರ ಬಳಿ ಒಯ್ಯಬಾರದೆಂದು ದೀನ್‌ನಲ್ಲಿ ಎಲ್ಲೂ ಇಲ್ಲ. ಇದನ್ನು ನಮ್ಮ ಖತೀಬರ ಬಳಿ ಕೇಳಿಕೊಂಡೇ ಹೇಳುತ್ತಿದ್ದೇನೆ. ಅವರು ಒಂದು ಜುಮಾದಲ್ಲಿ ಈ ಮಾತು ಹೇಳಿದರೆ ನನ್ನ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ನಮ್ಮ ರಾಜ್ಯದಲ್ಲಿ ಈ ವಿಷಯದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ 'ಕಿಡ್‌ರಾಪ್' ಎಂಬ ಕಾರ್ಯಕ್ರಮ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಆ ಚಿತ್ರ ನೋಡಿ ತೀರ್ಮಾನ ಹೇಳುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಬಗ್ಗೆ ಸಂಶೋಧನೆ ನಡೆಯಿತು. ಕಾಂಗರೂ ಆರೈಕೆ ಎಂದರೆ ಬರಿ ಎದೆಗೆ ಮಗುವನ್ನು ಅಪ್ಪಿ ಬೆಚ್ಚಗಿಡುವುದು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದ ಮಗು ಸುಧಾರಿಸಿಕೊಳ್ಳಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಮೊದಲ ತಿಂಗಳ ಸಾವುಗಳು ಶೇ. 25ರಷ್ಟು ಕಡಿಮೆಯಾದವು. ಇದಕ್ಕೆ ತಂದೆಯ ಎದೆಯೂ ಆಗುತ್ತದೆ. ಇಲ್ಲಿ ಕುಳಿತಿರುವ ಗಂಡಸರು ನಗಬೇಡಿ.

ನಮ್ಮ ದೇಶದ ಐದು ಕಡೆ 2ರಿಂದ 9 ವರ್ಷದ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ 2018ರಲ್ಲಿ ಬಂತು. ಸರಿಸುಮಾರು ಎಂಟರಲ್ಲಿ ಒಂದು ಮಗುವಿಗೆ ಕೇಳುವುದು, ನೋಡುವುದು, ನಡೆಯುವುದು, ಮಾತು, ಕಲಿಕೆ, ಆಟಿಸಂ, ಫಿಟ್ಸ್ ಮುಂತಾದವುಗಳಲ್ಲಿ ಒಂದಾದರೂ ತೊಂದರೆ ಕಂಡುಬಂತು. ಅಂದರೆ ಈ ಸಭಾಂಗಣದಲ್ಲಿರುವ ಅನೇಕ ಮನೆಗಳ ವಿಷಯ ಇದು. 'ಹಣೆಬರಹ' ಎಂದು ಒಳಕೋಣೆಯಲ್ಲಿ ಇಡಬೇಕಾದ ವಿಷಯವಲ್ಲ.

ಹಿಂದೆ ಬೀಳುತ್ತಿರುವ ಮಗುವನ್ನು ಗುರುತಿಸಲು ದೊಡ್ಡ ಯಂತ್ರ ಬೇಕಾಗಿಲ್ಲ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು ಎರಡು ವರ್ಷದೊಳಗಿನ ಮಕ್ಕಳಿಗಾಗಿ 17 ಅಂಶಗಳ ಒಂದು ಚಾರ್ಟ್ ಮಾಡಿದ್ದಾರೆ. ಸಾಮಗ್ರಿ ಎಂದರೆ ಒಂದು ಪೆನ್ನು, ಒಂದು ಬೀಗದ ಕೈ ಗೊಂಚಲು. ಮಗುವಿನ ವಯಸ್ಸಿನ ಜಾಗದಲ್ಲಿ ಉದ್ದಕ್ಕೆ ಗೆರೆ ಎಳೆಯುವುದು. ಗೆರೆಯ ಎಡಕ್ಕಿರುವುದನ್ನು ಮಗು ಮಾಡದಿದ್ದರೆ ವೈದ್ಯರಿಗೆ ತೋರಿಸುವುದು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ ನಾಲ್ಕು ತಿಂಗಳು ಎಂದು ಲೆಕ್ಕ ಹಿಡಿಯಬೇಕು. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಓರಗಿತ್ತಿಯ ಮಗುವಿನೊಂದಿಗೆ ಹೋಲಿಸಿ ಅಳುತ್ತಾರೆ.

ಕಿವಿಯ ಲೆಕ್ಕ ಸುಲಭ: ಒಂದು, ಮೂರು, ಆರು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. "ಅವರ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಮೂರು ವರ್ಷ ಕಾಯಬೇಡಿ.

ಈಗ ದಾನಿಗಳಿಗೆ. ಎನ್‌ಐಸಿಯು ಬಿಲ್ ಎಂದರೆ ನೀವು ರಾತ್ರಿ ಹನ್ನೊಂದಕ್ಕೂ ಹಣ ಹೊಂದಿಸುತ್ತೀರಿ. ಅಲ್ಲಾಹನು ಸ್ವೀಕರಿಸಲಿ. ಆದರೆ ಡಿಸ್ಚಾರ್ಜ್ ಆದ ಮೇಲೆ ತಪಾಸಣೆಗೆ ಬರುವ ಬಸ್ಸು, ಆಟೋ ಖರ್ಚಿಗೆ, ಆ ದಿನದ ಕೂಲಿ ನಷ್ಟಕ್ಕೆ ಯಾರೂ ಕೊಡುವುದಿಲ್ಲ. ಕೇಳಲು ಅವರಿಗೂ ಸಂಕೋಚ. ನಾವು ಬಿಲ್ ಕಟ್ಟಿದ ಪ್ರತಿ ಮಗುವಿನ ಹೆಸರು ಬರೆದಿಟ್ಟು, ಎರಡು ವರ್ಷ ತಪಾಸಣೆಯ ದಿನ ನೆನಪಿಸಿ ಫೋನ್ ಮಾಡುವ ಒಬ್ಬರು ಬೇಕು, ಓಡಾಟಕ್ಕೆ ಸಣ್ಣ ನಿಧಿ ಬೇಕು. ಅದನ್ನು ಝಕಾತ್‌ನಿಂದ ಕೊಡಬಹುದೋ ಸದಕಾದಿಂದಲೋ ಎಂಬುದನ್ನು ಆಲಿಮರು ಹೇಳಲಿ. ನಾನು ಬರೀ ವೈದ್ಯ.

ವಿದ್ಯಾರ್ಥಿವೇತನದ ಅರ್ಜಿ ಹಿಡಿದಿರುವ ಮಕ್ಕಳಿಗೆ ಒಂದು ಮಾತು. ಎಂಬಿಬಿಎಸ್, ಇಂಜಿನಿಯರಿಂಗ್ ಎರಡೇ ಓದು ಅಲ್ಲ. ವಾಕ್ ಮತ್ತು ಶ್ರವಣ, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ - ಇವೂ ಇವೆ. ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಮಗು ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಕೇಳಿ ಬೆಳೆಯುತ್ತದೆ. ಥೆರಪಿ ಕೊಡುವವರಿಗೆ ಆ ಭಾಷೆ ಬಾರದಿದ್ದರೆ ತಾಯಿಗೆ ಮನೆಯ ಅಭ್ಯಾಸ ಹೇಳಿಕೊಡುವುದು ಕಷ್ಟ. ಈ ಭಾಷೆ ಬರುವ ಹುಡುಗಿಯರು ಇಲ್ಲೇ ಕುಳಿತಿದ್ದೀರಿ. ಟ್ರಸ್ಟಿಗಳು ಈ ಕೋರ್ಸುಗಳಿಗೆ ಕೆಲವು ವಿದ್ಯಾರ್ಥಿವೇತನಗಳನ್ನು ಬೇರೆಯಾಗಿ ಇಡಬೇಕೆಂದು ವಿನಂತಿ.

ಸರಕಾರದ ಸೌಲಭ್ಯವನ್ನೂ ಬಿಡಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗೆ ತಪಾಸಣೆ ಉಚಿತ. ಅಂಗನವಾಡಿ, ಶಾಲೆಗೆ ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆ ಇದೆ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದರೆ ಮಗಳ ಮದುವೆಗೆ ತೊಂದರೆಯಾಗುತ್ತದೆ ಎಂದು ಒಬ್ಬ ತಂದೆ ನನ್ನಲ್ಲಿ ಹೇಳಿದರು. ಆಗ ಆ ಮಗುವಿಗೆ ಮೂರು ವರ್ಷ.

ಊಟವಾದ ಮೇಲೆ ಅಸರ್ ತನಕ ನಾನು ಮದ್ರಸದ ಮೊದಲ ಕೋಣೆಯಲ್ಲಿ ಇರುತ್ತೇನೆ. ಮಗುವಿನ ಡಿಸ್ಚಾರ್ಜ್ ಕಾರ್ಡ್ ತಂದವರು ತೋರಿಸಿ. ಮುಂದಿನ ತಾರೀಕುಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ವಸ್ಸಲಾಮ್.